ಶೇಂಗಾ ಕುಂಡದ ಪಕ್ಕ ನಿಂತ ಹುಡುಗಿ

ದಸ್ತಗೀರ್ ಕಾಕಾ,

ನೀವು ಹೋಗಿ ಎಂಟು ತಿಂಗಳಾಯಿತು. ಬದುಕಿದ್ದಾಗ ನಿಮಗೆ ಒಂದು ಚೀಟಿಯನ್ನೂ ಬರೆದವಳಲ್ಲ ನಾನು. ಹೊಸಹಳ್ಳಿಯಲ್ಲಿ ಬಸ್ಸು ಹತ್ತಿ ಕೂಡ್ಲಿಗಿಯಲ್ಲಿ ಇಳಿದರೆ ನಿಮ್ಮ ಸ್ಟುಡಿಯೋ, ಅಲ್ಲಿ ಬೆಂಚಿನ ಮೇಲೆ ಕೂತು ಬಾಯಿತುಂಬ ಹರಟಿ ಬರುತ್ತಿದ್ದೆ. ಆದರೆ ಆಡಲೇಬೇಕಿದ್ದ ಒಂದು ಮಾತನ್ನು ಮಾತ್ರ ಆಡಬೇಕಾದ ಕಡೆ ಆಡಲಿಲ್ಲ. ಅದನ್ನು ಮೊನ್ನೆ ಆಡಿದೆ. ಅದನ್ನು ಕೇಳಿಸಿಕೊಂಡವರು ನಿನ್ನೆ ನಿಮಗೊಂದು ಸುದ್ದಿ ಹೇಳಿ ಕಳಿಸಿದ್ದಾರೆ. ತಲುಪಿಸಲು ಬೇರೆ ದಾರಿ ಗೊತ್ತಿಲ್ಲ, ಕೂತು ಬರೆಯುತ್ತಿದ್ದೇನೆ.

ಆ ಪುಟ್ಟ ಕ್ಯಾಮೆರಾ ಹಿಡಿದುಕೊಂಡು ನಿಮ್ಮ ಅಂಗಡಿಗೆ ಬಂದ ದಿನ ನೆನಪಿದೆಯಾ? ನಮ್ಮಣ್ಣ ಕೊಡಿಸಿದ್ದು, ಸೋಪಿನ ಡಬ್ಬಿಯಷ್ಟಿತ್ತು. ನೀವು ಅದನ್ನು ಹಿಂದೆಮುಂದೆ ತಿರುಗಿಸಿ, “ಇದ್ರಾಗ ರೀಲ್ ಎಲ್ಲಿ ಹಾಕ್ತಾರ ಬೇಟಿ?” ಅಂತ ಗೊತ್ತಿದ್ದೂ ಕಾಡಿಸಿದಿರಿ. ನಾನು ಗಂಭೀರವಾಗಿ ಪಾಠ ಶುರು ಮಾಡಿದೆ. ನನ್ನ ಜೊತೆ ಬಿ.ಎಡ್. ಓದಿದ ಶಾಂತಾ ತೆಲಿಗಿಯಲ್ಲಿ ಟೀಚರ್ ಆಗಿದ್ದಾಳೆ, ನಮ್ಮ ಶಾಲೆಯ ಮಕ್ಕಳು ತೆಗೆದ ಫೋಟೋ ನಾನು ಇಂಟರ್‌ನೆಟ್ಟಿಗೆ ಹಾಕುತ್ತೇನೆ, ಅವಳು ಹರಪನಹಳ್ಳಿಯಲ್ಲಿ ಇಳಿಸಿಕೊಂಡು ತನ್ನ ಮಕ್ಕಳಿಗೆ ತೋರಿಸುತ್ತಾಳೆ, ಅವರದು ನಮಗೆ ಬರುತ್ತದೆ, ಬಸ್ಸಿಲ್ಲದೆ ಊರು ನೋಡಬಹುದು ಅಂದೆ. ನೀವು ಅದನ್ನು ನನ್ನ ಕೈಗೆ ವಾಪಸು ಕೊಟ್ಟು, “ನೆಗೆಟಿವ್ ನನ್ನ ಪೆಟಗ್ಯಾಗ ಇರ್ತಾವು, ಪೆಟಗಿಗೆ ಬೀಗ ಐತಿ. ಇದ್ಕ ಬೀಗ ಎಲ್ಲೈತಿ?” ಅಂದಿರಿ. ಹಳೇ ಕಾಲದವರು ಅಂದುಕೊಂಡೆ. ಮನಸ್ಸಿನಲ್ಲಲ್ಲ ಕಾಕಾ, ಅಂದೇಬಿಟ್ಟೆ. ನೀವು ನಕ್ಕಿರಿ.

ಮೊದಲ ಫೋಟೋ ತೆಲಿಗಿಯಿಂದ ಬಂದಾಗ ನಮ್ಮ ಒಂಬತ್ತನೇ ತರಗತಿ ಹೇಗೆ ಮುಗಿಬಿದ್ದಿತ್ತು ಗೊತ್ತಾ? ಕಪ್ಪು ನೆಲ ಬಿರಿದಿತ್ತು, ಬಿರುಕಿನೊಳಗೆ ಯಾರೋ ಒಂದು ಪೆನ್ನು ಇಳಿಬಿಟ್ಟಿದ್ದರು, ಎಷ್ಟು ಆಳ ಅಂತ ತಿಳಿಯಲಿ ಎಂದು. ನಮ್ಮದು ಕೆಂಪು ಮಣ್ಣು. ಮಕ್ಕಳು ಹೊಲಕ್ಕೆ ಓಡಿ, ಅದೇ ಥರದ ಪೆನ್ನು ಚುಚ್ಚಲು ಹೋಗಿ ನಿಬ್ಬು ಮುರಿದುಕೊಂಡು ಬಂದರು. ಎರಡು ವರ್ಷ ಬಾಯಿಪಾಠ ಮಾಡಿಸಿದರೂ ತಲೆಗೆ ಹೋಗದ ಮಣ್ಣಿನ ಪಾಠ ಅವತ್ತು ಹೋಯಿತು. ಮಾತೇ ಆಡದ ಹುಡುಗಿಯರು ಚಿತ್ರದ ಕೆಳಗೆ ಏನು ಬರೆಯಬೇಕೆಂದು ಜಗಳವಾಡುತ್ತಿದ್ದರು. ಅವರಲ್ಲಿ ಮುಂದಾಳು ಕೊಟ್ರಮ್ಮ, ಹಿಟ್ಟಿನ ಗಿರಣಿ ಮಲ್ಲಣ್ಣನವರ ಮಗಳು. ತೆಲಿಗಿಯ ಮಕ್ಕಳು ಶೇಂಗಾ ಗಿಡದ ಹೂವು ಮೇಲೆ, ಕಾಯಿ ಮಣ್ಣಿನ ಒಳಗೆ ಹೇಗೆ ಅಂತ ಕೇಳಿ ಕಳಿಸಿದ್ದರು. ಅದಕ್ಕೆ ಉತ್ತರ ಕೊಡಬೇಕೆಂದು ಅವಳು ಕುಂಡದಲ್ಲಿ ಶೇಂಗಾ ಬೆಳೆಸಿದಳು. ಹೂವು ಉದುರಿ, ಅದರ ಬುಡದಿಂದ ಮೊಳೆ ಇಳಿದು ಮಣ್ಣು ಮುಟ್ಟುವ ತನಕ ದಿನಾ ಕಾಯ್ದಳು.

ಅವಳು ಆ ಕುಂಡ ಹೊತ್ತು ತಂದ ದಿನ ಅವಳ ಹುಟ್ಟುಹಬ್ಬ. ನಮ್ಮ ಶಾಲೆಯಲ್ಲಿ ಹುಟ್ಟುಹಬ್ಬದ ದಿನ ಬಣ್ಣದ ಬಟ್ಟೆ ಹಾಕಿ ಬರಬಹುದು. ಹೊಸ ಲಂಗ, ಎರಡು ಮೊಳ ಮಲ್ಲಿಗೆ, ಕೈತುಂಬ ಬಳೆ. ಕುಂಡದ ಪಕ್ಕ ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ಬರುವಂತೆ ತೆಗೆದೆ. ನಿಲ್ಲಲೋ ಬೇಡವೋ ಅಂತ ಅವಳು ಕಾಲಿನಿಂದ ನೆಲ ಕೆದರುತ್ತಿದ್ದಳು. ತೆಗೆಯಲಾ ಎಂದು ನಾನು ಕೇಳಿದೆನೇ? ಇಲ್ಲ. ಶಾಂತಾ ಫೋನು ಮಾಡಿ, “ಭಾಳ ಚೆಂದ ಬಂದೈತೆ ಕಣೇ, ಪ್ರಿಂಟ್ ಹಾಕ್ಸಿ ಗೋಡೆಗೆ ಅಂಟಿಸ್ಲಾ?” ಅಂದಾಗ, “ಅಂಟಿಸು” ಅಂದೆ. ಒಂದು ಮಾತು, ಅಷ್ಟೇ. ಹುಡುಗಿಯ ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದರೆ...

ನಿಮ್ಮ ಸ್ಟುಡಿಯೋದಲ್ಲಿ ನನ್ನನ್ನು ನಿಲ್ಲಿಸಿದ್ದು ಹೇಗಿತ್ತು ಕಾಕಾ? ಗಂಡಿನ ಮನೆಗೆ ಕಳಿಸುವ ಕನ್ಯಾ ಫೋಟೋ. ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಮುಡಿಯಲ್ಲಿ ಮಲ್ಲಿಗೆ, ಪಾದ ಕಾಣಬೇಕು, ಕುಂಟಲ್ಲ ಅಂತ ತಿಳಿಯಲು. ನಾನು ಮೂರು ಸಲ ಕಣ್ಣು ಮುಚ್ಚಿದೆ, ನೀವು ಮೂರು ಸಲವೂ “ಗಂಡ ಇನ್ನ ಬಂದಿಲ್ಲ, ಈಗ್ಲೇ ನಾಚಿಗಿ ಯಾಕ?” ಅಂದಿರಿ. ನಮ್ಮ ಕಡೆ ಒಬ್ಬಳೇ ಹುಡುಗಿ ಕುಂಡದ ಪಕ್ಕ ನಿಂತ ಫೋಟೋ ಊರು ದಾಟಿದರೆ ಅದಕ್ಕೆ ಇರುವುದು ಒಂದೇ ಅರ್ಥ. ಹೊರಗಿನವರಿಗೆ ತಿಳಿಯದಿದ್ದರೆ ಬೇರೆ ಮಾತು. ಸ್ವತಃ ಅಂಥ ಫೋಟೋದಲ್ಲಿ ನಿಂತವಳು ನಾನು, ನನಗೆ ಹೊಳೆಯಲಿಲ್ಲವಲ್ಲ! ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಮಲ್ಲಣ್ಣನವರು ಹೆಡ್‌ಮಾಸ್ತರರ ಕೋಣೆಗೆ ಬಂದಾಗ ಅವರ ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು. ಗಿರಣಿ ನಿಲ್ಲಿಸಿ ನೆಟ್ಟಗೆ ಬಂದಿದ್ದರು. ಕೊಟ್ರಮ್ಮನ ಫೋಟೋವನ್ನು ಮೇಜಿನ ಮೇಲೆ ಇಟ್ಟು ನಿಂತೇ ಮಾತಾಡಿದರು. “ಮೊನ್ನೆ ತೆಲಿಗಿಯಿಂದ ಐದು ಮಂದಿ ಬಂದಿದ್ರು, ಹೂವು ಹಣ್ಣು, ಈ ಫೋಟೋ ತಗಂಡು. ನಿಮ್ಮ ಮಗಳ ಫೋಟೋ ಬಂದೈತಿ, ಹುಡುಗಗ ಮನಸಿಗೆ ಬಂದೈತಿ ಅಂತಾರ. ನಾನು ಕಳಿಸಿಲ್ರೀ ಅಂದ್ರ, ಮತ್ಯಾರು ಕಳಿಸ್ಯಾರ ಅಂತ ನನ್ನ ಕೇಳ್ತಾರ. ಹದಿನಾಲ್ಕು ವರ್ಷದ ಕೂಸು! ಓಣಿ ಮಂದಿ, ಹುಡುಗೀನೇ ಫೋಟೋ ಕೊಟ್ಟಿರಬೇಕು ಅಂತ ಆಡಿಕೊಳ್ಳಾಕ ಹತ್ಯಾರ. ಈಗ ಹೇಳ್ರಿ. ಅವಳು ಕೊಟ್ಟಿದ್ರ ಸಾಲಿ ಇವತ್ತಿಗೆ ಮುಗೀತು. ನೀವು ಕೊಟ್ಟಿದ್ರೂ ಮುಗೀತು. ಇಂಥ ಸಾಲಿಗೆ ಯಾವ ಧೈರ್ಯದ ಮ್ಯಾಲೆ ಕಳಿಸ್ಲಿ?”

ನಡೆದದ್ದು ನನಗೆ ಆಗಲೇ ಗೊತ್ತಿತ್ತು. ಓಣಿಯ ಮಾತು ಕಿವಿಗೆ ಬಿದ್ದು ಹಿಂದಿನ ದಿನವೇ ಶಾಂತಾಳಿಗೆ ಫೋನು ಮಾಡಿದ್ದೆ. ಶಾಲೆ ನೋಡಲು ಬಂದ ಅವರೂರಿನ ಹಿರಿಯರೊಬ್ಬರು ಗೋಡೆಯ ಮೇಲಿನ ಫೋಟೋ ಕಿತ್ತುಕೊಂಡು ಅಣ್ಣನ ಮಗನಿಗೆ ತೋರಿಸಲು ಒಯ್ದಿದ್ದರು. ಬಾಗಿಲ ಹೊರಗೆ ಕೊಟ್ರಮ್ಮ ಗೋಡೆಗೆ ಆತು ನಿಂತಿದ್ದಳು. ಅವಳ ಲಂಗದ ಅಂಚು ಕಾಣುತ್ತಿತ್ತು. ನಾನು ಕೊಟ್ಟೆ ಅಂದರೆ ಅವಳ ಓದು ಹೋಯಿತು. ಸುಮ್ಮನಿದ್ದರೆ ಅವಳ ಹೆಸರು ಹೋಯಿತು. ಏನು ಮಾಡಬೇಕಿತ್ತು ಹೇಳಿ?

ಅಷ್ಟರಲ್ಲಿ ನೀವು ಒಳಗೆ ಬಂದಿರಿ. ಹೊಸಹಳ್ಳಿಯ ಸುತ್ತ ಫೋಟೋ ಅಂದರೆ ದಸ್ತಗೀರ್ ಸಾಬರೇ. ಅದಕ್ಕೇ ಮಲ್ಲಣ್ಣನವರು ನಿಮಗೂ ಬರಹೇಳಿದ್ದರು. ನೀವು ಮೇಜಿನ ಮೇಲಿದ್ದ ಫೋಟೋ ಎತ್ತಿಕೊಂಡಿರಿ, ನೋಡಿದಿರಿ, ಬೆರಳ ತುದಿಯಲ್ಲಿ ಅದರ ಬೆನ್ನು ಸವರಿದಿರಿ. ನಿಮ್ಮ ಅಂಗಡಿಯಿಂದ ಹೋಗುವ ಪ್ರತಿ ಫೋಟೋದ ಬೆನ್ನಿಗೆ ನಿಮ್ಮ ಹೆಸರಿನ ನೇರಳೆ ಶಾಯಿಯ ಸೀಲು ಇರುತ್ತದೆ. ಇದಕ್ಕೆ ಇರಲಿಲ್ಲ. ಇದು ಹರಪನಹಳ್ಳಿಯ ಪ್ರಿಂಟು. ತಿರುವಿ ತೋರಿಸಿದ್ದರೆ ಸಾಕಿತ್ತು, ನೀವು ಪಾರಾಗುತ್ತಿದ್ದಿರಿ. ನೀವು ಬಾಗಿಲ ಕಡೆ, ಆ ಲಂಗದ ಅಂಚಿನ ಕಡೆ ನೋಡಿದಿರಿ. ಆಮೇಲೆ ಫೋಟೋವನ್ನು ಜೇಬಿಗೆ ಇಳಿಸಿ, “ಮಲ್ಲಣ್ಣಾರ, ಹುಡುಗೀನೂ ಅಲ್ಲ, ಟೀಚರೂ ಅಲ್ಲ. ಸಾಲಿ ಪ್ರಿಂಟ್ ಹಾಕುವಾಗ ಒಂದು ಕಾಪಿ ನನ್ನ ಅಂಗಡ್ಯಾಗ ಉಳದಿತ್ತು. ಅದು ಹೊರಗ ಹೋಗ್ಯಾತಿ. ತಪ್ಪು ನಂದು,” ಅಂದಿರಿ.

ಮಲ್ಲಣ್ಣನವರು ನಿಮಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಬ್ರೋಕರು ಅಂದದ್ದು ಅದರಲ್ಲಿ ಸಣ್ಣದು. ನೀವು ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದಿರಿ. ಕೊನೆಗೆ ಅವರು, ಹುಡುಗಿ ಶಾಲೆಗೆ ಬರಲಿ, ಆದರೆ ಇನ್ನು ಮೇಲೆ ಅವಳ ಮುಂದೆ ಯಾವನೂ ಕ್ಯಾಮೆರಾ ಹಿಡಿಯಕೂಡದು ಅಂತ ಹೇಳಿ ಹೋದರು. ಬಸ್ ಸ್ಟ್ಯಾಂಡಿನ ತನಕ ನಿಮ್ಮ ಹಿಂದೆ ಬಂದೆ. ನೀವು ಕೇಳಿದ್ದು ಒಂದೇ ಪ್ರಶ್ನೆ. “ಕುಂಡ ಯಾಕ ಪಕ್ಕದಾಗ ಇಟ್ಟಿ ಬೇಟಿ?” ನಾಳೆಯೇ ಮಲ್ಲಣ್ಣನವರ ಹತ್ತಿರ ನಿಜ ಹೇಳುತ್ತೇನೆ ಅಂದೆ. “ಹುಡುಗಿ ಹತ್ತನೇತ್ತ ದಾಟಲಿ, ಆಮ್ಯಾಲೆ ಹೇಳು. ನನಗೇನು, ಮದುವಿ ಆಗಬೇಕಾ?” ಅಂತ ನಗುತ್ತಾ ಬಸ್ಸು ಹತ್ತಿದಿರಿ.

ಆಮೇಲಿನ ಲಗ್ನದ ಸೀಜನ್ನಿನಲ್ಲಿ ನಮ್ಮ ಕಡೆಯ ಮನೆಗಳವರು ಕೊಟ್ಟೂರಿನಿಂದ ಬೇರೆ ಫೋಟೋದವರನ್ನು ಕರೆಸಿದರು. ಹೆಣ್ಣುಮಕ್ಕಳಿರುವ ಮನೆ, ಆ ಸಾಬರು ಬೇಡ ಅಂದರಂತೆ. ನಲವತ್ತು ವರ್ಷ ಹೆಣ್ಣುಮಕ್ಕಳ ನೆಗೆಟಿವ್‌ಗಳಿಗೆ ಬೀಗ ಹಾಕಿಟ್ಟ ಮನುಷ್ಯನಿಗೆ! ಇದನ್ನು ನಾನು ಕೇಳಿದೆ, ಕೇಳಿ ಸುಮ್ಮನಿದ್ದೆ. ಹುಡುಗಿಗಾಗಿ ಸುಮ್ಮನಿದ್ದೇನೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪೂರ್ತಿ ನಿಜವಲ್ಲ ಕಾಕಾ. ನನಗೆ ಭಯವೂ ಇತ್ತು. ಬೇಸಿಗೆ ರಜೆಯಲ್ಲಿ ನಿಮ್ಮ ಎದೆನೋವಿನ ಸುದ್ದಿಯೂ ಮಣ್ಣಿನ ಸುದ್ದಿಯೂ ಒಟ್ಟಿಗೇ ಬಂದವು. ಮಣ್ಣಿಗೆ ಬಂದವರಲ್ಲಿ ಹೊಸಹಳ್ಳಿಯವರು ಕಾಣಲಿಲ್ಲ. ನಿಮ್ಮ ಜೊತೆ ಬಾಳಿದ ಚಾಚಿ ನನ್ನ ಕೈ ಹಿಡಿದುಕೊಂಡು ಅತ್ತರು, ನನಗೆ ಅವರ ಮುಖ ನೋಡಲು ಆಗಲಿಲ್ಲ.

ಮೊನ್ನೆ ಹತ್ತನೇ ತರಗತಿಯ ಪರೀಕ್ಷೆಯ ಅರ್ಜಿಗಳು ಬಂದವು. ಎಲ್ಲದರ ಮೂಲೆಯಲ್ಲೂ ಒಂದು ಚೌಕ, ಫೋಟೋ ಅಂಟಿಸಲು. ಕೊಟ್ರಮ್ಮನ ಚೌಕ ಖಾಲಿ. ಕಳಿಸಲು ಮೂರೇ ದಿನ ಉಳಿದಿತ್ತು. “ಅಪ್ಪ ಬ್ಯಾಡ ಅಂದಾನ್ರಿ ಟೀಚರ್. ಫೋಟೋ ಇಲ್ಲದ ಪರೀಕ್ಷಿ ಇದ್ರ ಬರಿ, ಇಲ್ಲಾಂದ್ರ ಬಿಡು ಅಂದ,” ಅಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ನೀವು ತಲೆ ತಗ್ಗಿಸಿ ನಿಂತದ್ದು ಇದಕ್ಕೇನಾ? ಸಂಜೆ ಶಾಲೆ ಬಿಟ್ಟವಳು ಸೀದಾ ಗಿರಣಿಗೆ ಹೋದೆ.

ಗಿರಣಿ ಓಡುತ್ತಿತ್ತು. ಡಬ್ಬಿ ಹಿಡಿದ ಹೆಂಗಸರು ಸಾಲಾಗಿ ಕೂತಿದ್ದರು. ನಾನು ಹೇಳಿದ್ದು ಮಲ್ಲಣ್ಣನವರಿಗೆ ಕೇಳಿಸಲಿಲ್ಲ, ಕೂಗಿದೆ, ಆಗಲೂ ಕೇಳಿಸಲಿಲ್ಲ. ಮಲ್ಲಣ್ಣನವರು ಸ್ವಿಚ್ಚು ಇಳಿಸಿದರು. ಯಂತ್ರದ ಪಟ್ಟಿ ತಿರುಗಿ ತಿರುಗಿ ನಿಂತಿತು. ಇಡೀ ಗಿರಣಿ ಗಪ್‌ಚುಪ್. “ಏನಂದ್ರಿ? ಮತ್ತ ಹೇಳ್ರಿ.” ಓಡಿ ಹೋಗಿಬಿಡಲೇ ಅನ್ನಿಸಿತು. ಅಷ್ಟೂ ಹೆಂಗಸರ ಮುಂದೆ ಹೇಳಿದೆ. “ಫೋಟೋ ದಸ್ತಗೀರ್ ಕಾಕಾ ಕೊಟ್ಟಿದ್ದಲ್ರಿ. ನಿಮ್ಮ ಮಗಳೂ ಕೊಟ್ಟಿಲ್ಲ. ನಿಮ್ಮನ್ನ ಕೇಳದೆ ತೆಗೆದವಳು ನಾನು, ತೆಲಿಗಿಗೆ ಕಳಿಸಿದವಳು ನಾನು. ಹುಡುಗಿ ಓದು ನಿಲ್ಲಬಾರದು ಅಂತ ಅವರು ಮೈಮೇಲೆ ಹಾಕ್ಕೊಂಡ್ರು. ಏನಾದ್ರೂ ಅನ್ನೋದಿದ್ರೆ ನನಗನ್ರಿ, ಅವಳನ್ನ ಪರೀಕ್ಷೆಗೆ ಕೂಡಸ್ರಿ.”

ಮಲ್ಲಣ್ಣನವರು ನನ್ನನ್ನು ನೋಡಲಿಲ್ಲ. ಯಾರದೋ ಜೋಳದ ಡಬ್ಬಿ ಎತ್ತಿದರು, ಸುರಿಯದೆ ಕೆಳಗಿಟ್ಟರು. ಹೆಂಗಸರಲ್ಲಿ ಯಾರೋ “ಅಯ್ಯೋ, ಆ ಮುದುಕಪ್ಪನ...” ಅಂತ ಶುರು ಮಾಡಿ ನಿಲ್ಲಿಸಿದರು. ಶಾಲೆ ಬಿಡಿಸುತ್ತೇನೆ ಅನ್ನುತ್ತಾರೆ, ಈಗ ಅನ್ನುತ್ತಾರೆ ಅಂತ ನಾನು ಕಾಯುತ್ತಿದ್ದೆ. ಮಲ್ಲಣ್ಣನವರು ಡಬ್ಬಿಯ ಮುಚ್ಚಳ ಹಾಕಿ ಕೇಳಿದರು, “ಅವ್ರ ಅಂಗಡಿ ಇನ್ನ ಐತೇನ್ರಿ?”

“ಐತ್ರಿ. ಚಾಚಿ ತೆಗೀತಾರ.”

“ಹಂಗಾರ ನಾಳಿ ಅಲ್ಲೇ ತೆಗಸೂಣು.”

ನಿನ್ನೆ ಮೂವರೂ ಕೂಡ್ಲಿಗಿಗೆ ಬಂದೆವು. ಬಸ್ಸಿನಲ್ಲಿ ಮಲ್ಲಣ್ಣನವರು ನನ್ನಿಂದ ದೂರದ ಸೀಟಿನಲ್ಲಿ ಕೂತರು. ಚಾಚಿ ಲೈಟು ಹಾಕಿದರು. ನಾನು ಕ್ಯಾಮೆರಾ ಹಿಡಿದು, “ತೆಗೀಲೇನವ್ವಾ?” ಅಂತ ಕೊಟ್ರಮ್ಮನನ್ನು ಕೇಳಿದೆ. ಅವಳು ಪಕ್ಕಕ್ಕೆ ನೋಡಿ, ನಿಮ್ಮ ಪ್ಲಾಸ್ಟಿಕ್ ಹೂವಿನ ಕುಂಡವನ್ನು ಎರಡೂ ಕೈಯಿಂದ ಎತ್ತಿ ಬಾಗಿಲಾಚೆ ಇಟ್ಟು ಬಂದು, “ಈಗ ತೆಗೀರಿ” ಅಂದಳು. ಪಾಸ್‌ಪೋರ್ಟ್ ಫೋಟೋದಲ್ಲಿ ಕುಂಡ ಎಲ್ಲಿ ಕಾಣುತ್ತದೆ ಹೇಳಿ! ಚಾಚಿ ನಕ್ಕುಬಿಟ್ಟರು. ನೀವು ಹೋದಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪ್ರಿಂಟು ಕತ್ತರಿಸಿ ಚಾಚಿ ಒಂದೊಂದರ ಬೆನ್ನಿಗೂ ಸೀಲು ಒತ್ತಿದರು. ಮಲ್ಲಣ್ಣನವರು ಒಂದನ್ನು ಎತ್ತಿಕೊಂಡು ತಿರುವಿದರು. “ಇದು ಎಲ್ಲಾದಕ್ಕೂ ಹಾಕ್ತೀರೇನು?”

“ಸೀಲ್ ಇಲ್ದ ಫೋಟೋ ಈ ಅಂಗಡಿ ಹೊಸ್ತಿಲ ದಾಟಂಗಿಲ್ರಿ,” ಅಂದರು ಚಾಚಿ, “ಅವ್ರು ಇದ್ದಾಗಿಂದ.”

ಅವರು ಆ ನೇರಳೆ ಗುರುತನ್ನು ನೋಡುತ್ತಲೇ ನಿಂತರು. “ಆ ಫೋಟೋ ಎರಡು ದಿನ ನನ್ನ ಕೈಯಾಗ ಇತ್ತು,” ಅಂದರು. “ಒಂದ್ಸಲ ತಿರುವಿ ನೋಡ್ಲಿಲ್ಲ.” ಆಮೇಲೆ ಗೋಡೆಯ ಮೇಲಿನ ನಿಮ್ಮ ಫೋಟೋದ ಕಡೆ ಕೈ ಮಾಡಿ, ನೀವು ಚಹಾ ಕುಡಿಯಲು ಹೊರಗೆ ಹೋಗಿದ್ದೀರಿ ಅನ್ನುವ ಹಾಗೆ ನನಗೆ ಹೇಳಿದರು. “ಟೀಚರ್, ಗಿರಣಿ ಮಲ್ಲಣ್ಣ ತಪ್ಪು ತಿಳ್ಕಂಡಿದ್ದ ಅಂತ ಅವ್ರಿಗೆ ಹೇಳ್ರಿ.”

ಹೇಳಿದ್ದೇನೆ ಕಾಕಾ. ಕೊಟ್ರಮ್ಮನ ಅರ್ಜಿ ಇವತ್ತು ಮಧ್ಯಾಹ್ನ ಹೋಯಿತು. ಚೌಕದಲ್ಲಿ ಅವಳ ಮುಖ ಇದೆ, ಅದರ ಬೆನ್ನಿಗೆ ನಿಮ್ಮ ಹೆಸರು.

ನಿಮ್ಮ ಬೇಟಿ