ಸಿದ್ದನ ಸೋಮವಾರ

ಶಾಂತಿಗ್ರಾಮ
13-11-2024, ಬುಧವಾರ

ಪ್ರೀತಿಯ ಅವ್ವಾ,

ಮಂಡಿನೋವು ಹೇಗಿದೆ? ಅರಕಲಗೂಡಿನ ಚಳಿಗೆ ಜಾಸ್ತಿಯಾಗಿರಬೇಕು. ಚಿಕ್ಕಮ್ಮ ಬೆಳಗ್ಗೆ ಬಿಸಿನೀರು ಕಾಯಿಸಿಕೊಡುತ್ತಾಳೆ ತಾನೆ? ನೀನು ಬೇಡ ಅನ್ನುತ್ತೀಯ, ನನಗೆ ಗೊತ್ತು. ಫೋನ್ ಮಾಡಿದರೆ ಎರಡು ಮಾತಾಡಿ ಅವಳ ಕೈಗೆ ಕೊಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. "ನಾಕ್ ದಿನ ಇದ್ದು ಬತ್ತೀನಿ ಕಣಪ್ಪ" ಅಂದು ಹೋದವಳು ನೀನು, ಎರಡು ತಿಂಗಳಾಯಿತು. ವಾಪಸ್ ಬರುತ್ತೀಯೋ ಇಲ್ಲವೋ ಅನ್ನುವುದೇ ನನಗೆ ಭಯ.

ನೀನಿದ್ದಾಗ ಅಂಗಡಿ ನಿನ್ನದು, ಗಾಣದ ಎತ್ತಿನ ಹಿಂದೆ ನಾನು. ಈಗ ಎರಡೂ ಕಡೆ ನೋಡಿಕೊಳ್ಳಲು ಒಬ್ಬನ ಕೈಲಾಗದೆ ಆಳು ಹುಡುಕಿದೆ. ಗಾಣ ಸುತ್ತಿದ್ದಕ್ಕಿಂತ ಆಳಿಗಾಗಿ ನಾನು ಸುತ್ತಿದ್ದೇ ಹೆಚ್ಚು. ಮೊದಲು ಬಂದವನು ಮಂಜೇಶ. ಮೂರು ದಿನ ಚೆನ್ನಾಗಿದ್ದ. ನಾಲ್ಕನೇ ದಿನ ಅಜ್ಜಿ ತೀರಿಕೊಂಡರೆಂದು ಮೆಸೇಜ್ ಹಾಕಿ ಫೋನ್ ಆಫ್ ಮಾಡಿಕೊಂಡ. ವಾರದ ಮೇಲೆ ಸ್ಟೇಟಸ್ ನೋಡಿದರೆ ಗೊರೂರು ಡ್ಯಾಮಿನ ಮುಂದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿದ್ದಾನೆ, ಪಕ್ಕದಲ್ಲಿ ಅದೇ ಅಜ್ಜಿ! ಎರಡನೆಯವನು ಚನ್ನರಾಯಪಟ್ಟಣದವನು. ಮಧ್ಯಾಹ್ನಕ್ಕೇ, "ಸುತ್ತಿ ಸುತ್ತಿ ತಲೆ ಗಿರ್ ಅಂತದೆ ಸಾ, ನೇರಕ್ಕೆ ನಡ್ಯೋ ಕೆಲ್ಸ ಇದ್ರೆ ಯೇಳಿ" ಅಂದ. ನಗಬೇಡ. ಹಾಸನದ ಗಿರಾಕಿಗಳು ಎಣ್ಣೆ ಎಲ್ಲಿ ಎಂದು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದರು, ನನಗೆ ಅಳುವೇ ಬಂದಿತ್ತು.

ಮೂರನೆಯವನು ಕಟ್ಟಾಯದ ಮಾದಯ್ಯ. ಅವನು ನಾಲಿಗೆಯಲ್ಲಿ ಒಂದು ಸದ್ದು ಮಾಡಿದರೆ ಸಾಕು, ನಮ್ಮ ಎತ್ತು ಸಿದ್ದ ಹೆಜ್ಜೆ ಹಾಕುತ್ತಿದ್ದ. ಸದ್ಯ, ಬದುಕಿದೆ ಅಂದುಕೊಂಡೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದೆನ್ನುವುದನ್ನು ಅಪ್ಪನ ಹಾಗೆ ನಾನೂ ಬಿಟ್ಟಿಲ್ಲವಲ್ಲ. ಎತ್ತಿಗೆ ರಜವೆಂದು ಆಳು ಸುಮ್ಮನೆ ಕೂರುವುದೇ ಎಂದು ಮಾದಯ್ಯನನ್ನು ಆವತ್ತು ಎಣ್ಣೆ ಟಿನ್ ತೊಳೆಯಲು ಹಚ್ಚುತ್ತಿದ್ದೆ. ಮೊನ್ನೆ, ಮೂರನೇ ಸೋಮವಾರ, ಅವನು ಟಿನ್ ಕೆಳಗಿಟ್ಟು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಹೊಂಗೆ ಮರದಡಿ ಮೆಲುಕು ಹಾಕುತ್ತಿದ್ದ ಸಿದ್ದನ ಕಡೆ ಕೈ ತೋರಿಸಿ, "ಅದ್ಕಾದ್ರೆ ಸೋಮ್ವಾರ ಐತೆ. ನಂಗ್ಯಾವ್ ವಾರ ಮಡಗಿದ್ದೀರಿ ಸಾ?" ಅಂದವನೇ ಬಸ್ಸು ಹತ್ತಿಬಿಟ್ಟ.

ನನಗೆ ಮೈಯೆಲ್ಲ ಉರಿದುಹೋಯಿತು. ಕೂಗಾಡಿದೆ, ಕೇಳಲು ಸಿದ್ದನ ಬಿಟ್ಟರೆ ಯಾರೂ ಇರಲಿಲ್ಲ. ಉಳಿದ ಟಿನ್ ನಾನೇ ತೊಳೆದೆ. ಸಂಜೆಗೆ ನಡು ಹಿಡಿದುಕೊಂಡಿತು, ಕೈಯ ಜಿಡ್ಡು ಎಷ್ಟು ಉಜ್ಜಿದರೂ ಹೋಗಲಿಲ್ಲ. ನಿನ್ನೆ ಕಟ್ಟಾಯಕ್ಕೆ ಹೋಗಿ, "ತಪ್ಪಾಯ್ತು ಮಾದಣ್ಣ, ಇನ್ಮೇಲೆ ಸೋಮ್ವಾರ ನಿಂಗೂ ರಜ" ಅಂದೆ. ಅವನ ಹೆಂಡತಿ ಬೀರಮ್ಮ ಕಾಫಿ ಕೊಟ್ಟಳು. ಇವತ್ತು ಬೆಳಗ್ಗೆಯಿಂದ ಗಾಣ ಸುತ್ತುತ್ತಿದೆ.

ಚಿಕ್ಕಮ್ಮನಿಗೆ ಒಂದು ಬಾಟಲಿ ಹುಚ್ಚೆಳ್ಳೆಣ್ಣೆ ಕಳಿಸಿದ್ದೇನೆ. ನೀನೂ ಮಂಡಿಗೆ ಹಚ್ಚಿಕೋ. ಸಿದ್ದ ಆಗಾಗ ಅಂಗಡಿ ಬಾಗಿಲ ಕಡೆ ನೋಡುತ್ತಾನೆ. ನಾನೂ ನೋಡುತ್ತೇನೆ.

ನಿನ್ನ ಕೈ ತಲೆಮೇಲೆ ಇರಲಿ ಎಂದು ಕೇಳುವ
ಪಾಲಾಕ್ಷ

ಮರೆತಿದ್ದೆ. ಅಲ್ಲ, ಸುಳ್ಳು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇಷ್ಟು ವರ್ಷ ಪ್ರತಿ ಸೋಮವಾರ ಆ ಟಿನ್ ತೊಳೆದವಳು ನೀನು. ಅರಕಲಗೂಡಿಗೆ ಹೋಗಿಬರುತ್ತೇನೆ ಅಂದದ್ದೂ ಸೋಮವಾರವೇ. ನಾನು ತಲೆ ಎತ್ತದೆ, "ಟಿನ್ ತೊಳ್ದು ಮಡಗ್ಬುಟ್ಟು ಓಗವ್ವ" ಅಂದೆ. ನೀನು ಎಲ್ಲವನ್ನೂ ತೊಳೆದು, ಬೋರಲು ಹಾಕಿಯೇ ಹೋದೆ. ಮಾದಯ್ಯ ಮೂರು ವಾರಕ್ಕೆ ಕೇಳಿದ್ದನ್ನು ನೀನು ಒಂದು ದಿನವೂ ಕೇಳಲಿಲ್ಲ. ತಪ್ಪಾಯ್ತವ್ವಾ. ಅಂಗಡಿಗೆ 'ಸೋಮವಾರ ರಜ' ಎಂದು ಬೋರ್ಡು ಬರೆಸಿದ್ದೇನೆ. ಬರುವುದಾದರೆ ಸೋಮವಾರವೇ ಬಾ. ಟಿನ್ ಎಲ್ಲ ಭಾನುವಾರವೇ ತೊಳೆದಿಟ್ಟಿರುತ್ತೇನೆ.