ಹಸನಬ್ಬರ ಸಹಿ

6-2-2006, ಸೋಮವಾರ. ಬೆಳಿಗ್ಗೆ 7

ನಾನು ನಸೀಬಾ. ತೋಡಾರಿನ ರೈಸ್ ಮಿಲ್ಲಿನ ಹಸನಬ್ಬರ ಹೆಂಡತಿ. ಎಸ್ಸೆಸ್ಸೆಲ್ಸಿ ಪಾಸು, ನಮ್ಮ ಜಮಾತಿನ ಹೆಂಗಸರಲ್ಲಿ ಮೊದಲನೆಯವಳು. ಅವರು ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಮಿಲ್ಲು ಒಂದು ದಿನವೂ ನನ್ನನ್ನು ಕೇಳದೆ ಓಡಿದ್ದಿಲ್ಲ. ಹದಿನೆಂಟು ಹೆಂಗಸರ ಮನೆ ಇದರಿಂದ ನಡೆಯುತ್ತದೆ.

ಇವತ್ತೂ ಆರಕ್ಕೇ ಹೋಗಿ ತೊಟ್ಟಿಯಲ್ಲಿ ನೆನೆದ ಭತ್ತ ಮುಟ್ಟಿ ನೋಡಿದೆ. ತಣ್ಣೀರಿನಲ್ಲಿ ಮೂರನೇ ದಿನ. ಹುಳಿ ವಾಸನೆ. ವಾಮದಪದವಿನ ಅಂಗಡಿಯವರು ನಮ್ಮ ಕುಚ್ಚಲಕ್ಕಿ ವಾಪಸು ಕಳಿಸಿದ್ದು ಇದಕ್ಕೇ. ಬೆಳುವಾಯಿಯ ಮಿಲ್ಲಿನವರು ಹಂಚಿನ ಮಾಡಿನ ಮೇಲೆ ಸೋಲಾರ್ ಹಾಕಿದ್ದಾರೆ. ಬಿಸಿಲಿಗೆ ಕಾದ ನೀರಿನಲ್ಲಿ ನೆನೆಸುತ್ತಾರೆ. ಒಂದೇ ದಿನದ ಕೆಲಸ. ವಾಸನೆ ಇಲ್ಲ. ಸೌದೆ ಉಳಿತಾಯ. ಕಿಲೋಗೆ ಒಂದು ರೂಪಾಯಿ ಕಡಿಮೆ. ಆ ದರಕ್ಕೆ ನಾನು ಇಳಿದರೆ ಮಳೆಗಾಲದೊಳಗೆ ಮಿಲ್ಲಿಗೆ ಬೀಗ.

9-2-2006

ಮಗಳು ನುಸ್ರತ್ ಬ್ಯಾಂಕಿನಿಂದ ಒಂದು ಕಾಗದ ತಂದಳು. ಸರಕಾರದ ಯೋಜನೆಯಂತೆ. ಸಣ್ಣ ಕೈಗಾರಿಕೆಯವರಿಗೂ ಸೋಲಾರ್ ಬಿಸಿನೀರಿಗೆ ಕಡಿಮೆ ಬಡ್ಡಿಯ ಸಾಲ. ಮಾರ್ಚಿನೊಳಗೆ ಅರ್ಜಿ.

"ಸರಕಾರದ ಎದುರು ಕೈ ಚಾಚುವ ಮನೆ ಅಲ್ಲ ಇದು" ಎಂದೆ.

"ಬೆಳುವಾಯಿಯವರು ಚಾಚಿದ್ರು ಉಮ್ಮ. ಅವರ ಅಕ್ಕಿ ಈಗ ತೋಡಾರಿನ ಅಂಗಡಿಯಲ್ಲೇ ಉಂಟು. ಇನ್ನು ಅದನ್ನೇ ತಂದು ಬೇಯಿಸುವ."

ಕಾಗದ ಅವಳ ಕಡೆಗೆ ತಳ್ಳಿದೆ. ಅವಳು ಅರ್ಜಿ ತುಂಬಿಸಿದಳು. ನಾನು ಮಿಲ್ಲಿನ ಲೈಸೆನ್ಸಿನ ಪ್ರತಿ ಇಟ್ಟು, ಸಹಿ ಹಾಕಿ ಕವರಿಗೆ ಅಂಟು ಹಚ್ಚಿದೆ. ಟಪ್ಪಾಲಿಗೂ ಹೋಯಿತು.

10-2-2006. ಸಂಜೆ

ಅಸರ್ ನಮಾಜಿಗೆ ನಿಂತಾಗ ನೆನಪಾಯಿತು. ಅರ್ಜಿಗೆ ಹಾಕಿದ್ದು ನನ್ನ ಸಹಿ ಅಲ್ಲ… ಅವರದ್ದು.

ಪ್ರತಿವರ್ಷ ಮಿಲ್ಲಿನ ಲೈಸೆನ್ಸಿಗೆ ಹಾಕುವ ಹಾಗೆಯೇ. ಕೈಗೆ ಅದೇ ಅಭ್ಯಾಸ. ಅವರು ಸತ್ತದ್ದು ಊರಿಗೆಲ್ಲ ಗೊತ್ತು. ಕಾಗದದಲ್ಲಿ ಮಾತ್ರ ಇನ್ನೂ ಬದುಕಿದ್ದಾರೆ.

ಯಾಕೆ ಎಂದು ಇಲ್ಲಾದರೂ ಬರೆಯಬೇಕು. ನನಗೆ ಗಂಡುಮಕ್ಕಳಿಲ್ಲ. ನುಸ್ರತ್ ಒಬ್ಬಳೇ. ಮಾಲೀಕರ ಹೆಸರು ಬದಲಿಸಿದರೆ ಶರೀಅತ್ತಿನಂತೆ ಅವರ ತಮ್ಮ ಅಬ್ದುಲ್ ಶುಕೂರನಿಗೂ ಪಾಲು ಬರುತ್ತದೆ. ಬೆಳ್ತಂಗಡಿಯಲ್ಲಿ ಬಟ್ಟೆ ಅಂಗಡಿ ಅವನದು. ಅಣ್ಣನ ನಲವತ್ತನೇ ದಿನವೇ ಹೇಳಿದ್ದ — "ಈ ಹಳೇ ಮಿಲ್ಲು ಯಾಕೆ ಅತ್ತಿಗೆ, ಜಾಗ ಕೊಟ್ಟುಬಿಡುವ." ಆ ಭಯಕ್ಕೇ ಸಹಿ ಹಾಕುತ್ತ ಬಂದೆ. ಅದು ಅವನ ಹಕ್ಕು ಎಂದು ಗೊತ್ತಿದ್ದೂ.

ನುಸ್ರತ್ ಒಳಗೆ ಬರುತ್ತಿದ್ದಾಳೆ. ನಿಲ್ಲಿಸುತ್ತೇನೆ.

15-2-2006

ಬ್ಯಾಂಕಿನ ಅಧಿಕಾರಿ ಜೀಪಿನಲ್ಲಿ ಬಂದರು. ಊರಿಗೆ ಹೊಸಬರು. ಮಾಡು ನೋಡಿದರು, ತೊಟ್ಟಿ ಅಳೆದರು. ಆಮೇಲೆ, "ಹಸನಬ್ಬರು ಎಲ್ಲಿ?"

ಬಾಯ್ಲರಿನ ತುಕ್ರಪ್ಪ ನಡುವೆ ಬಂದ.

"ಮಸೀದಿ ಹತ್ತಿರ ಇದ್ದಾರೆ ಸರ್."

"ಎಷ್ಟೊತ್ತಿಗೆ ಬರ್ತಾರೆ?"

"ಅದು ಹೇಳ್ಲಿಕ್ಕೆ ಆಗುವುದಿಲ್ಲ."

ಮಂಗಳವಾರ ಹತ್ತು ಗಂಟೆಗೆ ಮತ್ತೆ ಬರುತ್ತಾರಂತೆ. ಮಾಲೀಕರು ಇರಲೇಬೇಕು. ಫೋಟೊ, ಗುರುತಿನ ಚೀಟಿ, ಎದುರಿಗೇ ಸಹಿ.

ಜೀಪು ಹೋದ ಮೇಲೆ ತುಕ್ರಪ್ಪನಿಗೆ ಬೈದೆ. "ನಾನು ಸುಳ್ಳು ಹೇಳಿದ್ದಲ್ಲ ಅಮ್ಮ. ಖಬರಸ್ಥಾನ ಮಸೀದಿ ಹಿಂದೆಯೇ ಅಲ್ವಾ?" ಭತ್ತ ಹರಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನುಸ್ರತ್ ಮಾತ್ರ ನಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಕೇಳಿದಳು. ಎಲ್ಲ ಹೇಳಿದೆ.

"ಇದಕ್ಕೆ ಜೈಲಿಗೆ ಹಾಕ್ತಾರೆ ಉಮ್ಮ."

ನನ್ನ ಮಗಳು ನನ್ನನ್ನು ಹೆದರಿಸುವ ದಿನ ಬಂತು.

19-2-2006

ಮೂರು ದಿನ ಬರೆಯಲಿಲ್ಲ. ಗೇಟಿನಲ್ಲಿ ಗಾಡಿ ನಿಂತರೆ ಹೋಗಿ ಇಣುಕಿ ನೋಡುತ್ತೇನೆ. ಅರ್ಜಿ ವಾಪಸು ತೆಗೆದುಕೊಂಡರೆ ಮಿಲ್ಲು ಮುಚ್ಚುವುದು ಖಂಡಿತ. ನಿಜ ಹೇಳಿದರೆ ಶುಕೂರ್ ಮಾರಿಸಬಹುದು, ಪೊಲೀಸರೂ ಬರಬಹುದು. ಬೆಳುವಾಯಿಗೂ ತೋಡಾರಿಗೂ ಬಿಸಿಲು ಒಂದೇ, ಸರಕಾರದ ಯೋಜನೆಯೂ ಒಂದೇ. ಅವರ ಕಾಗದ ಸರಿ ಇತ್ತು, ಅಷ್ಟೇ. ನನ್ನದನ್ನು ಕೆಡಿಸಿದವಳು ನಾನೇ.

20-2-2006

ಬೆಳ್ತಂಗಡಿಗೆ ಹೋಗಿ ಬಂದೆ. ಶುಕೂರ್ ಗಿರಾಕಿಗೆ ಬಟ್ಟೆ ಅಳೆಯುತ್ತಿದ್ದ. ಕುರ್ಚಿ ಹಾಕಿದ. ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ.

ಬಟ್ಟೆಯ ಥಾನು ಸುತ್ತಿ ಬದಿಗಿಟ್ಟ. "ಸತ್ತ ಮೇಲೂ ಅಣ್ಣನನ್ನು ಒಂಬತ್ತು ವರ್ಷ ದುಡಿಸಿದ್ರಿ ಅಲ್ವಾ ಅತ್ತಿಗೆ."

"ಹೌದು."

"ನನ್ನನ್ನು ಕಳ್ಳನ ಹಾಗೆ ಹೊರಗೆ ನಿಲ್ಲಿಸಿದ್ರಿ."

ಅದಕ್ಕೂ ಹೌದು ಎಂದೆ. ಈ ಬಾಯಿಂದ ಯಾರಿಗೂ ಎರಡು ಸಲ ಹೌದು ಹೇಳಿದವಳಲ್ಲ. ನಾಳೆ ಹತ್ತಕ್ಕೆ ಬಂದು ಸಹಿ ಹಾಕು, ನಿನ್ನ ಪಾಲು ನಿನ್ನ ಹೆಸರಿಗೇ ಬರೆಯುತ್ತೇನೆ, ಮಿಲ್ಲು ಮಾತ್ರ ಓಡಲಿ ಎಂದೆ.

"ನೋಡುವ" ಎಂದ. ಅಷ್ಟೇ.

21-2-2006, ಮಂಗಳವಾರ. ಹತ್ತು ಇಪ್ಪತ್ತು

ಆಯಿತು. ಮರಣದ ಸರ್ಟಿಫಿಕೇಟು ಅಧಿಕಾರಿಯ ಎದುರು ಇಟ್ಟೆ. ಒಂಬತ್ತು ಲೈಸೆನ್ಸ್ ಪ್ರತಿಗಳನ್ನೂ ಇಟ್ಟೆ. "ಇವುಗಳ ಸಹಿ ನನ್ನದು, ಅರ್ಜಿಯದ್ದೂ ನನ್ನದು" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಈಗ ಚಾವಡಿಯಲ್ಲಿ ಮ್ಯಾನೇಜರಿಗೆ ಫೋನ್ ಮಾಡುತ್ತಿದ್ದಾರೆ. ಮಾತು ಕೇಳಿಸುತ್ತಿಲ್ಲ.

ನುಸ್ರತ್ ತುಂಬಿಸಿಟ್ಟ ಹೊಸ ಅರ್ಜಿಯಲ್ಲಿ ಮಾಲೀಕರು ಮೂವರು. ನಸೀಬಾ ಎಂದು ಬರೆದೆ. ಒಂದೊಂದೇ ಅಕ್ಷರ, ಶಾಲೆಯ ಹುಡುಗಿಯ ಹಾಗೆ. ಕೆಳಗೆ ನುಸ್ರತ್. ಶುಕೂರನ ಜಾಗ ಖಾಲಿ ಉಂಟು.

ಬೆಳ್ತಂಗಡಿಯಿಂದ ಬರುವವರಿಗೆ ಮೂಡುಬಿದಿರೆ ಕಡೆಯಿಂದ ಬಸ್ಸು ಹತ್ತೂವರೆಗೆ. ತುಕ್ರಪ್ಪನನ್ನು ರಸ್ತೆಗೆ ಕಳಿಸಿದ್ದೇನೆ. ಈಗ ಏನೋ ಬ್ರೇಕ್ ಹಾಕಿದ ಶಬ್ದ —