ಸೊಟ್ಟ ಹ್ಯಾಂಡಲ್ ಮತ್ತು ನಾಲ್ಕು ಬುಟ್ಟಿ ಖಡಿ

ರಸ್ತೆ ನಿರ್ವಹಣೆ ಉಪವಿಭಾಗದ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಬೈಕಿನಿಂದ ಬಿದ್ದು ಇಂದಿಗೆ ಇಪ್ಪತ್ತಮೂರು ದಿನ. ಬಿದ್ದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಎದ್ದ ದಿನದಿಂದ ನಿಮ್ಮ ಕಚೇರಿ ನನ್ನ ಬೈಕನ್ನು ರಿಪೇರಿ ಮಾಡಿಸಲು ಬಿಡುತ್ತಿಲ್ಲ, ನನ್ನನ್ನು ಬೀಳಿಸಿದ ಖಡಿಯನ್ನು, ಅಂದರೆ ರಸ್ತೆಯ ಜಲ್ಲಿಕಲ್ಲನ್ನು, ತಾನೂ ತೆಗೆಯುತ್ತಿಲ್ಲ, ನಮಗೂ ತೆಗೆಯಗೊಡುತ್ತಿಲ್ಲ. ತಕರಾರು ಇದು.

ನಾನು ಕೊಳಕೂರ ಸುತ್ತಿನ ಹಳ್ಳಿಗಳಲ್ಲಿ ಎಮ್ಮೆ, ಆಕಳುಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಹಿಂದಿನ ಸೀಟಿಗೆ ಬೀಜ ತಣ್ಣಗಿಡುವ ನೈಟ್ರೋಜನ್ ಜಾಡಿ ಕಟ್ಟಿಕೊಂಡು ದಿನಕ್ಕೆ ಐದಾರು ಊರು ತಿರುಗುತ್ತೇನೆ. ಬೆದೆಗೆ ಬಂದ ಎಮ್ಮೆಗೆ ಅದೇ ದಿನ ಸೂಜಿ ಬೀಳಬೇಕು. ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಅರ್ಜಿ ಹಾಕಿ ಗಡುವು ಮುಂದೂಡಿಸಿಕೊಳ್ಳುವಷ್ಟು ತಿಳಿವಳಿಕೆ ನಮ್ಮ ಎಮ್ಮೆಗಳಿಗೆ ಇನ್ನೂ ಬಂದಿಲ್ಲ.

ಊರಾಚೆಯ ತಿರುವಿನಲ್ಲಿ ನಿಮ್ಮವರು ಎರಡು ತಗ್ಗು ಮುಚ್ಚಿ, ಉಳಿದ ನಾಲ್ಕು ಬುಟ್ಟಿ ಖಡಿಯನ್ನು ರಸ್ತೆಗೇ ದಾನ ಮಾಡಿ ಹೋಗಿದ್ದರು. ನನ್ನ ವೇಗ ಇಪ್ಪತ್ತೈದು, ತಲೆಯ ಮೇಲೆ ಹೆಲ್ಮೆಟ್. ಮುಂದಿನ ಗಾಲಿ ಸಣ್ಣ ಕಲ್ಲಿನ ಮೇಲೆ ಜಾರಿತು, ನಾನೂ ಬೈಕೂ ಒಟ್ಟಿಗೆ ಮಲಗಿದೆವು. ಮೊಣಕೈ ತರಚಿತು, ಅಷ್ಟೇ. ಎದ್ದು ಎಂಜಿನ್ ಆರಿಸಿದೆ, ಬೈಕನ್ನು ರಸ್ತೆಯ ಅಂಚಿಗೆ ಎಳೆದೆ, ಪೆಟ್ರೋಲ್ ಸೋರುತ್ತಿದೆಯೇ, ಜಾಡಿ ಒಡೆದಿದೆಯೇ ನೋಡಿದೆ; ಎರಡೂ ಇರಲಿಲ್ಲ. ಹ್ಯಾಂಡಲ್ ಸೊಟ್ಟಗಾಗಿತ್ತು. ಹತ್ತುವ ಧೈರ್ಯವಾಗದೆ ಖುರ್ಷಿದನ ಗ್ಯಾರೇಜಿನವರೆಗೆ ತಳ್ಳಿಕೊಂಡೇ ಹೋದೆ.

"ಮುಂದಿನ ಫೋರ್ಕ್ ಬೆಂಡ್ ಆಗ್ಯದ್ರಿ, ಗಾಡಿ ಎಡಕ್ಕ ಎಳೀತದ," ಎಂದ ಖುರ್ಷಿದ. "ಬ್ರೇಕ್ ಲಿವರ್ ಕ್ರ್ಯಾಕ್ ಆಗ್ಯದ, ಜೋರ್ ಹಿಡಿದ್ರ ಕೈಯಾಗ ಬರ್ತದ. ಎರಡು ತಾಸು ಕೊಡ್ರಿ, ಮಾಡಿಕೊಡ್ತೇನಿ. ಅಲ್ಲೀತನಕ ಹತ್ತಬ್ಯಾಡ್ರಿ."

ಆ ಎರಡು ತಾಸಿನಲ್ಲಿ ನಾನು ಸುಮ್ಮನೆ ಚಹಾ ಕುಡಿದು ಕೂಡಬೇಕಿತ್ತು. ಇನ್ನೊಬ್ಬರು ಬೀಳದಿರಲಿ ಎಂಬ ದುರ್ಬುದ್ಧಿ ಹುಟ್ಟಿ ನಿಮ್ಮ ಕಚೇರಿಗೆ ಬಂದೆ.

ನಿಮ್ಮ ಗುಮಾಸ್ತರು ಕೇಳಿದ ಮೊದಲ ಪ್ರಶ್ನೆ, "ಗಾಡಿ ಎಲ್ಲದ?" ಗ್ಯಾರೇಜಿನಲ್ಲಿದೆ ಎಂದೆ. "ರಿಪೇರಿ ಮಾಡಿಸಿದ್ರ ಬಿದ್ದಿದ್ದಕ್ಕ ಸಬೂತು ಏನ್ ಉಳೀತು? ಸಾಹೇಬ್ರು ತಪಾಸಣಿ ಮಾಡೋತನಕ ಒಂದ್ ನಟ್ ಸೈತ ಮುಟ್ಟಬ್ಯಾಡ್ರಿ. ಮತ್ತ ಬೀಳೋ ಫೋಟೋ ತಂದೀರೇನು?"

"ನಾ ಬೀಳಾಕತ್ತಾಗ ಫೋಟೋ ಯಾರ್ ತಗೀತಾರ್ರಿ?"

"ಅದು ಅರ್ಜಿದಾರರು ನೋಡ್ಕೋಬೇಕು."

ಕಾನೂನು ಪಾಲಿಸುವ ಮನುಷ್ಯ ನಾನು. ಮರುದಿನ ಗೆಳೆಯ ಮಲ್ಲಣ್ಣನ ಕೈಗೆ ಫೋನ್ ಕೊಟ್ಟು, ಬೈಕನ್ನು ಅದೇ ತಿರುವಿಗೆ ತಳ್ಳಿಕೊಂಡು ಹೋಗಿ, ಅದೇ ಖಡಿಯ ಮೇಲೆ ಅದೇ ಭಂಗಿಯಲ್ಲಿ ಮಲಗಿದೆ. ಅಫಜಲಪುರದ ಕಡೆಯ ಒಂದು ಟೆಂಪೊ ನಿಂತಿತು. ಎಂಟು ಮಂದಿ ಇಳಿದರು. ಒಬ್ಬರು ಮುಖಕ್ಕೆ ನೀರು ಸುರಿದರು, ಒಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ಉಳಿದವರು ಫೋಟೋ ತೆಗೆಯುತ್ತ ನಿಂತಿದ್ದ ಮಲ್ಲಣ್ಣನ ಮೇಲೆ ಮುಗಿಬಿದ್ದರು. "ಮನಷ್ಯಾ ಸಾಯಾಕತ್ತಾನ, ನಿಂಗ ಫೋಟೋದ ಚಿಂತಿ ಏನಲೇ?" ನಾನು ಮಧ್ಯೆ ಎದ್ದು ವಿವರಿಸಲು ಹೋದರೆ, ತಲೆಗೆ ಪೆಟ್ಟಾಗಿದೆ ಎಂದು ನನ್ನನ್ನು ಮತ್ತೆ ಮಲಗಿಸಿದರು. ಇಷ್ಟೆಲ್ಲ ಆದ ಮೇಲೆ ಆ ಫೋಟೋವನ್ನು ನೀವು ತಿರಸ್ಕರಿಸಿದಿರಿ. ಷರಾ ಹೀಗಿತ್ತು: ‘ಅರ್ಜಿದಾರರು ನಗುತ್ತಿರುವಂತೆ ಕಾಣುತ್ತದೆ.’

ಐದನೆಯ ದಿನ ನಾನೇ ಕಸಬರಿಗೆ ಹಿಡಿದು ತಿರುವಿಗೆ ಹೋದೆ. ಅರ್ಧ ಬುಟ್ಟಿ ಗುಡಿಸುವಷ್ಟರಲ್ಲಿ ನಿಮ್ಮ ಸಿಬ್ಬಂದಿಯೊಬ್ಬರು ಬಂದು ತಡೆದರು. ಮೂರು ದಿನದಲ್ಲಿ ನೋಟಿಸು ಮನೆ ಸೇರಿತು. ಇಲಾಖೆಯ ಖಡಿಯನ್ನು ಸರಿಸಿ ಸಾಕ್ಷ್ಯ ನಾಶಕ್ಕೆ ಯತ್ನಿಸಿದ್ದೇನಂತೆ. ಅಂದರೆ ಬೈಕಿಗೆ ಖಡಿ ಸಾಕ್ಷಿ, ಖಡಿಗೆ ಬೈಕು ಸಾಕ್ಷಿ, ಎರಡನ್ನೂ ಮುಟ್ಟುವಂತಿಲ್ಲ. ಅದೇ ನೋಟಿಸಿನ ಕೊನೆಯ ಸಾಲಿನಲ್ಲಿ, ವಾಹನವನ್ನು ಇದ್ದ ಸ್ಥಿತಿಯಲ್ಲೇ ಖುದ್ದಾಗಿ ಓಡಿಸಿಕೊಂಡು ತಪಾಸಣೆಗೆ ಬರತಕ್ಕದ್ದು ಎಂದಿದೆ. ಎಡಕ್ಕೆ ಎಳೆಯುವ ಗಾಡಿಯಲ್ಲಿ, ಕೈಗೆ ಬರಲಿರುವ ಬ್ರೇಕ್ ಹಿಡಿದು, ನಿಮ್ಮ ಕಚೇರಿಯವರೆಗೆ? ನಾನು ದಾರಿಯಲ್ಲಿ ಮತ್ತೆ ಬಿದ್ದರೆ ಅದು ಹೊಸ ಅರ್ಜಿಯೋ, ಹಳೆಯದಕ್ಕೆ ಲಗತ್ತೋ?

ಒಂಬತ್ತನೆಯ ದಿನ ಕಸ್ತೂರಿಬಾಯಿಯವರ ಎಮ್ಮೆ ಬೆದೆಗೆ ಬಂತು. ಜಾಡಿ ಹೊತ್ತು ಬಾಡಿಗೆ ಜೀಪು ಹತ್ತಿದೆ. ಅದರಲ್ಲೇನಿದೆ ಎಂದು ಚಾಲಕ ಕೇಳಿದ. ಹನ್ನೆರಡು ಕೋಣಗಳ ಬೀಜ ಎಂದು ನಿಜವನ್ನೇ ಹೇಳಿದೆ. ಅರ್ಧ ದಾರಿಯಲ್ಲಿ ಇಳಿಸಿದ. ನಡೆದು ಮುಟ್ಟುವಷ್ಟರಲ್ಲಿ ಎಮ್ಮೆಯ ಹೊತ್ತು ಮೀರಿತ್ತು. ಕಸ್ತೂರಿಬಾಯಿ ಬಯ್ಯಲಿಲ್ಲ. "ಇನ್ನ ಮೂರು ವಾರ ಕಾಯಬೇಕಲ್ಲೋ ತಮ್ಮಾ. ಈ ಹಾಲಿನ ಮ್ಯಾಲೇ ನಮ್ಮ ಮನಿ ನಡೀತದ," ಎಂದಷ್ಟೇ ಹೇಳಿದರು.

ಇಷ್ಟಕ್ಕೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಇಂದು ಬೆಳಿಗ್ಗೆ ಜಾಡಿ ಹೊತ್ತು ಅದೇ ತಿರುವಿನಲ್ಲಿ ನಡೆದು ಬರುತ್ತಿದ್ದಾಗ, ನಮ್ಮೂರ ಆಶಾ ಕಾರ್ಯಕರ್ತೆ ಮಹಾನಂದಾ ನನ್ನ ಕಣ್ಣೆದುರೇ ಸ್ಕೂಟಿಯಿಂದ ಬಿದ್ದಳು. ಅದೇ ಖಡಿ. ಓಡಿದೆ. ಅವಳ ಬಲಗೈ ಮಣಿಕಟ್ಟಿನ ಹತ್ತಿರ ಬಾಗಬಾರದ ಕಡೆಗೆ ಬಾಗಿತ್ತು. ಎಬ್ಬಿಸಲು ಕೈ ಚಾಚಿದೆ.

"ತಡೀರಿ ಅಣ್ಣಾ," ಎಂದಳು, ಹಲ್ಲು ಕಚ್ಚಿಕೊಂಡು. "ಎಬ್ಬಿಸಬ್ಯಾಡ್ರಿ. ಮೊದ್ಲ ಫೋಟೋ ತಕ್ಕೋರಿ. ಇಲ್ಲಂದ್ರ ಬಿದ್ದೇ ಇಲ್ಲಂತಾರ."

ಮಾನ್ಯರೇ, ನಾನು ತೆಗೆದೆ. ಆ ಹೆಣ್ಣುಮಗಳು ನೋವಿನಿಂದ ನಡುಗುತ್ತಿದ್ದಾಗ, ಖಡಿಯೂ ಮುಖವೂ ಒಟ್ಟಿಗೆ ಬರಲೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಇಪ್ಪತ್ತಮೂರು ದಿನದಲ್ಲಿ ನಿಮ್ಮ ಕಚೇರಿ ನನ್ನನ್ನು ಇಲ್ಲಿಗೆ ತಂದು ಮುಟ್ಟಿಸಿದೆ. ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ನಾಳೆ ಬೆಳಿಗ್ಗೆಯೊಳಗೆ ತಿರುವಿನ ಖಡಿ ತೆಗೆಸಿ. ತೆಗೆಸದಿದ್ದರೆ ಊರವರೆಲ್ಲ ಸೇರಿ ಗುಡಿಸುತ್ತೇವೆ, ನೋಟಿಸುಗಳನ್ನು ಒಟ್ಟಿಗೇ ಕಳಿಸಿ. ನನ್ನ ಬೈಕಿನ ಫೋರ್ಕನ್ನು ಖುರ್ಷಿದ ಈಗಾಗಲೇ ಬಿಚ್ಚಿದ್ದಾನೆ. ಮಹಾನಂದಾಳ ಕೈಗೆ ಸಂಜೆ ಪ್ಲಾಸ್ಟರ್ ಹಾಕುತ್ತಾರೆ. ಸಾಹೇಬರು ಬಂದು ನೋಡುವವರೆಗೆ ಕೈ ಹಾಗೇ ಇರಲಿ ಅಲ್ಲವೇ ಎಂದು ಅವಳು ಕೇಳಿದಳು. ಕಾಯಬೇಡಿ ಎಂದು ಡಾಕ್ಟರಿಗೆ ನಾನೇ ಹೇಳಿ ಬಂದಿದ್ದೇನೆ.

ಇಂತಿ,
ಎತ್ತುವ ಮೊದಲು ಫೋಟೋ ತೆಗೆದವನು,
ಧಮ್ಮಪಾಲ
ಕೊಳಕೂರ, ಜೇವರ್ಗಿ ತಾಲ್ಲೂಕು